ಆಟದ ಪುಸ್ತಕ ಪರದೆಗೆ ಹೋದದ್ದು ಹೇಗೆ? ಜಪಾನಿನ ಕ್ವೀನ್ಸ್ ಬ್ಲೇಡ್ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ ಕೇಳಿದವರು: ಹಳೆಬುರುಜು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಎರಡು ವರ್ಷಗಳಿಂದ ಬೇಸಿಗೆ ರಜೆಯಲ್ಲಿ ಒಂದು ಆಟದ ಪುಸ್ತಕವನ್ನು ಬರೆಯುತ್ತಿದ್ದೇನೆ. ಓದುಗನೇ ಅದರ ಕಥಾನಾಯಕ. ಪ್ರತಿ ತುಣುಕಿನ ಕೊನೆಯಲ್ಲಿ 'ಎಡಗಡೆಯ ಬಾಗಿಲು ತೆರೆಯುವುದಾದರೆ 47ಕ್ಕೆ ಹೋಗಿ, ಬುರುಜು ಹತ್ತುವುದಾದರೆ 112ಕ್ಕೆ ಹೋಗಿ' ಎಂಬಂತಹ ಸೂಚನೆಗಳಿರುತ್ತವೆ. ಕಥೆ ನಡೆಯುವುದು ನಮ್ಮ ಕೋಟೆಯಲ್ಲಿ. ಕೋಟೆಯೊಳಗಿನ 1367ರ ಜಾಮಿ ಮಸೀದಿಗೆ ತೆರೆದ ಅಂಗಳವಿಲ್ಲ, ಅದು ಪೂರ್ತಿಯಾಗಿ ಗುಮ್ಮಟಗಳ ಅಡಿಯಲ್ಲಿದೆ. ಅಲ್ಲಿ ಒಂದು ಕಮಾನಿನ ಸಾಲಿನಲ್ಲಿ ನಿಂತರೆ ಎತ್ತ ತಿರುಗಿದರೂ ಅದೇ ಸಾಲು ಕಾಣುತ್ತದೆ. ದಾರಿ ತಪ್ಪಿಸುವ ಕಥೆಗೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಹೊಳೆಯಲಿಲ್ಲ. ಸದ್ಯ 140 ತುಣುಕುಗಳು ಮುಗಿದಿವೆ.

ಮೊನ್ನೆ ಬೆಂಗಳೂರಿನಲ್ಲಿ ವಿಡಿಯೋ ಗೇಮಿನ ಕೆಲಸದಲ್ಲಿರುವ ನನ್ನ ಸೋದರಳಿಯ ಊರಿಗೆ ಬಂದಿದ್ದ. ಹಸ್ತಪ್ರತಿಯನ್ನು ತಿರುವಿ ಹಾಕಿ, "ಮಾಮಾ, ಈ ಕಾಲದಾಗ ಪುಸ್ತಕ ಯಾರು ತಗೋತಾರ? ಸೀದಾ ಮೊಬೈಲ್ ಗೇಮ್ ಮಾಡಿಬಿಡ್ರಿ" ಎಂದ. ನಾನು ಒಪ್ಪದಿದ್ದಾಗ, ಜಪಾನಿನಲ್ಲಿ ಕ್ವೀನ್ಸ್ ಬ್ಲೇಡ್ ಎಂಬ ಆಟದ ಪುಸ್ತಕಗಳ ಮಾಲೆಯೊಂದು ಅನಿಮೆಯಾಗಿ (ಜಪಾನೀ ಕಾರ್ಟೂನ್ ಚಿತ್ರವಾಗಿ), ಕಾಮಿಕ್ಸ್ ಆಗಿ, ವಿಡಿಯೋ ಗೇಮ್ ಆಗಿ, ಕಪಾಟಿನಲ್ಲಿಡುವ ಗೊಂಬೆಗಳಾಗಿ ಹರಡಿಕೊಂಡ ಕಥೆಯನ್ನು ಅವನೇ ಹೇಳಿದ. ತನ್ನ ವಾದಕ್ಕೆ ವಿರುದ್ಧವಾದ ಉದಾಹರಣೆಯನ್ನು ತಾನೇ ಕೊಟ್ಟೆನೆಂಬುದು ಅವನ ಗಮನಕ್ಕೆ ಬಂದಂತಿಲ್ಲ. ಅವನು ಮೊಬೈಲಿನಲ್ಲಿ ತೋರಿಸಿದ ಚಿತ್ರಗಳನ್ನು ನೋಡಿ ನನಗೆ ಕೊಂಚ ಮುಜುಗರವಾಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ನನ್ನ ಪ್ರಶ್ನೆ ಇಷ್ಟು. ಓದುಗನ ಆಯ್ಕೆಯೇ ಜೀವಾಳವಾಗಿರುವ ಪುಸ್ತಕವೊಂದು, ನೋಡುಗನಿಗೆ ಆಯ್ಕೆಯೇ ಇಲ್ಲದ ಅನಿಮೆಯಾಗಿ ಹೇಗೆ ಬದಲಾಗುತ್ತದೆ? ಹಾಗೆ ಹೋದಾಗ ಪುಸ್ತಕದಿಂದ ದಾಟಿ ಹೋದದ್ದು ನಿಜವಾಗಿ ಯಾವುದು? ನನ್ನ ಕೋಟೆಯ ಕಥೆಗೂ ಅಂಥದೊಂದು ದಾರಿ ಇರಬಹುದೇ, ಅಥವಾ ಸುಮ್ಮನೆ ಪುಸ್ತಕ ಮುಗಿಸಿ ಮಕ್ಕಳ ಕೈಗೆ ಕೊಡುವುದೇ ಸರಿಯೇ? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕರೇಜ್, ಬೀದರ್

ಸರ್, ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ನೀವು ಬರೆಯುತ್ತಿರುವುದೂ ಕ್ವೀನ್ಸ್ ಬ್ಲೇಡೂ ಎರಡನ್ನೂ ಆಟದ ಪುಸ್ತಕ ಎಂದೇ ಕರೆಯುತ್ತಾರಾದರೂ ಅವು ಬೇರೆ ಬೇರೆ ಜಾತಿಯವು. ನಿಮ್ಮದು, 1982ರಲ್ಲಿ ಸ್ಟೀವ್ ಜಾಕ್ಸನ್ ಮತ್ತು ಇಯಾನ್ ಲಿವಿಂಗ್‌ಸ್ಟನ್ ಇಂಗ್ಲೆಂಡಿನಲ್ಲಿ ಆರಂಭಿಸಿದ ಫೈಟಿಂಗ್ ಫ್ಯಾಂಟಸಿ ಮಾಲೆಯ ಬಗೆಯದು. ಆ ಮಾಲೆಯ ಮೊದಲ ಪುಸ್ತಕದಲ್ಲಿ 400 ತುಣುಕುಗಳಿದ್ದವು. ಒಬ್ಬನೇ ಕೂತು, ಪೆನ್ಸಿಲು ಮತ್ತು ದಾಳ ಹಿಡಿದು ಓದುವಂಥದು. ಕ್ವೀನ್ಸ್ ಬ್ಲೇಡ್ ಹಾಗಲ್ಲ. ಅದನ್ನು ಆಡಲು ಇಬ್ಬರು ಬೇಕು, ಎರಡು ಪುಸ್ತಕ ಬೇಕು. ಕಥೆ ಓದಿಸುವುದು ಅದರ ಕೆಲಸವಲ್ಲ, ಕಾದಾಡಿಸುವುದು ಅದರ ಕೆಲಸ.

ಅದರ ಮೂಲ ಜಪಾನಿನದೂ ಅಲ್ಲ. ಅಮೆರಿಕದ ಆಲ್ಫ್ರೆಡ್ ಲಿಯೊನಾರ್ಡಿ ಎಂಬವರು 1980ರಲ್ಲಿ ಏಸ್ ಆಫ್ ಏಸಸ್ ಎಂಬ ಜೋಡಿ ಪುಸ್ತಕವನ್ನು ರೂಪಿಸಿದರು. ಮೊದಲ ಮಹಾಯುದ್ಧದ ವಿಮಾನ ಚಾಲಕನೊಬ್ಬನಿಗೆ ತನ್ನ ವಿಮಾನದಿಂದ ಶತ್ರುವಿನ ವಿಮಾನ ಹೇಗೆ ಕಾಣುತ್ತದೆಯೋ ಹಾಗೆ ಪ್ರತಿ ಪುಟದಲ್ಲೂ ಒಂದು ಚಿತ್ರ. ಅದೇ ಉಪಾಯವನ್ನು ಅವರು 1983ರಲ್ಲಿ ಕತ್ತಿವರಸೆಗೆ ಒಗ್ಗಿಸಿ ಲಾಸ್ಟ್ ವರ್ಲ್ಡ್ಸ್ ಎಂಬ ಮಾಲೆ ಮಾಡಿದರು. ಜಪಾನಿನ ಹಾಬಿ ಜಪಾನ್ ಪ್ರಕಾಶನ ಸಂಸ್ಥೆ ಈ ಚೌಕಟ್ಟನ್ನು ತೆಗೆದುಕೊಂಡು 2005ರ ನವೆಂಬರಿನಲ್ಲಿ ಕ್ವೀನ್ಸ್ ಬ್ಲೇಡ್ ಆರಂಭಿಸಿತು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಕಾಳಗದಲ್ಲಿ ಗೆದ್ದವಳೇ ರಾಣಿಯಾಗುವ ಒಂದು ಕಾಲ್ಪನಿಕ ಖಂಡ. ಒಬ್ಬೊಬ್ಬ ಹೋರಾಟಗಾರ್ತಿಗೆ ಒಂದೊಂದು ಪುಸ್ತಕ.

ಆಡುವ ಕ್ರಮವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಉತ್ತರ ಅಲ್ಲಿಯೇ ಇದೆ. ಆಟಕ್ಕೆ ಕೂರುವ ಮುನ್ನ ಇಬ್ಬರೂ ಪುಸ್ತಕಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ನಿಮ್ಮ ಪಾತ್ರದ ಪುಸ್ತಕ ಎದುರಾಳಿಯ ಕೈಯಲ್ಲಿ, ಅವರ ಪಾತ್ರದ ಪುಸ್ತಕ ನಿಮ್ಮ ಕೈಯಲ್ಲಿ. ನಿಮ್ಮ ಬಳಿ ಉಳಿಯುವುದು ನಿಮ್ಮ ನಡೆಗಳ ಪಟ್ಟಿಯಿರುವ ಒಂದು ಹಾಳೆ ಮಾತ್ರ. ಪುಟ ತೆರೆದರೆ ನಿಮಗೆ ಕಾಣುವುದು ಎದುರಾಳಿಯ ಚಿತ್ರ: ಕತ್ತಿ ಎತ್ತಿದ್ದಾಳೆ, ಬಗ್ಗಿದ್ದಾಳೆ, ಹಿಂದೆ ಸರಿದಿದ್ದಾಳೆ. ಇಬ್ಬರೂ ಗುಟ್ಟಾಗಿ ಒಂದೊಂದು ನಡೆ ಆರಿಸಿ ಅದರ ಸಂಖ್ಯೆಯನ್ನು ಹೇಳುತ್ತಾರೆ. ಪುಸ್ತಕದ ಕೋಷ್ಟಕದಲ್ಲಿ ಆ ಎರಡು ಸಂಖ್ಯೆಗಳು ಸಂಧಿಸುವ ಜಾಗವನ್ನು ನೋಡಿದರೆ ಮುಂದಿನ ಪುಟ ಸಿಗುತ್ತದೆ. ಆ ಪುಟದಲ್ಲಿ ಹೊಡೆತದ ಫಲವೂ ಇರುತ್ತದೆ, ಮುಂದಿನ ಸರದಿಯಲ್ಲಿ ಯಾವ ನಡೆಗಳನ್ನು ಬಳಸುವಂತಿಲ್ಲ ಎಂಬ ನಿರ್ಬಂಧವೂ ಇರುತ್ತದೆ. ದಾಳವಿಲ್ಲ, ಅದೃಷ್ಟವಿಲ್ಲ. ಎದುರಿಗೆ ಕೂತವರ ಮನಸ್ಸನ್ನು ಓದಬೇಕು, ಅಷ್ಟೇ.

ಈಗ ಇದರ ಜಾಣತನವನ್ನು ಗಮನಿಸಿ. ಎಲ್ಲ ಪುಸ್ತಕಗಳಲ್ಲೂ ಒಂದೇ ಸಂಖ್ಯೆಯ ಪುಟ ಒಂದೇ ಸನ್ನಿವೇಶವನ್ನು ಸೂಚಿಸುವುದರಿಂದ, ಮಾಲೆಯ ಯಾವ ಪುಸ್ತಕವನ್ನಾದರೂ ಬೇರೆ ಯಾವ ಪುಸ್ತಕದ ಎದುರಿಗಾದರೂ ಇಳಿಸಬಹುದು. 10 ಪುಸ್ತಕಗಳಿದ್ದರೆ 45 ಜೋಡಿಗಳಾಗುತ್ತವೆ. 20 ಇದ್ದರೆ 190. ಹೊಸ ಪುಸ್ತಕವೊಂದು ಬಂದಾಗ ಮನೆಯಲ್ಲಿದ್ದ ಹಳೆಯವೆಲ್ಲಕ್ಕೂ ಹೊಸ ಎದುರಾಳಿ ಸಿಕ್ಕಂತಾಗುತ್ತದೆ. ನಿಮ್ಮ ಬಗೆಯ ಪುಸ್ತಕವನ್ನು ಒಮ್ಮೆ ಗೆದ್ದ ಮೇಲೆ ಹುಡುಗರು ಅದನ್ನು ಮತ್ತೆ ತೆರೆಯುವುದು ಅಪರೂಪ. ಇದನ್ನು ತೆರೆಯಲು ಪಕ್ಕದ ಮನೆಯ ಹುಡುಗ ಬೇರೊಂದು ಪುಸ್ತಕ ತಂದರೆ ಸಾಕು.

ಇನ್ನೊಂದು ಪರಿಣಾಮ ಚಿತ್ರಕಾರರಾದ ನಿಮಗೆ ಕೂಡಲೇ ಹೊಳೆಯುತ್ತದೆ. ಭಂಗಿಗಳ ಪಟ್ಟಿ ಮೊದಲೇ ಗೊತ್ತಾಗಿರುವುದರಿಂದ ಒಂದೊಂದು ಪಾತ್ರವನ್ನು ಒಬ್ಬೊಬ್ಬ ಚಿತ್ರಕಾರನಿಗೆ ವಹಿಸಬಹುದು. ಕ್ವೀನ್ಸ್ ಬ್ಲೇಡಿನಲ್ಲಿ ಹಾಗೆಯೇ ಆಯಿತು. ಬೇರೆ ಬೇರೆ ಹೆಸರಾಂತ ಚಿತ್ರಕಾರರು ಒಂದೊಂದು ಪಾತ್ರವನ್ನು ತಮ್ಮದಾಗಿಸಿಕೊಂಡರು. ನಮ್ಮ ಬಿದರಿ ಕೆಲಸದಲ್ಲಿ ಸತು ಮತ್ತು ತಾಮ್ರದ ಹೂಜಿ ಒಂದೇ ಅಚ್ಚಿನಿಂದ ಬಂದರೂ ಅದರ ಮೇಲೆ ಬೆಳ್ಳಿಯ ಎಳೆ ಕೂರಿಸಿದ ಕೈ ಯಾವುದೆಂದು ಬಲ್ಲವರು ಗುರುತಿಸುತ್ತಾರಲ್ಲ, ಹಾಗೆ.

ಅನಿಮೆಗೆ ದಾಟಿದ್ದು ಇದೇ: ಪಾತ್ರಗಳು ಮತ್ತು ಕಾಳಗದ ಕಣ. ಆಯ್ಕೆ ದಾಟಲಿಲ್ಲ. ಆರ್ಮ್ಸ್ ಎಂಬ ಸ್ಟುಡಿಯೋ 2009ರಲ್ಲಿ, ಒಂದೇ ವರ್ಷದೊಳಗೆ, 12 ಕಂತುಗಳ ಎರಡು ಸರಣಿಗಳನ್ನು ಮಾಡಿತು. ಯಾರ ಎದುರು ಯಾರು ಇಳಿಯಬೇಕೆಂಬುದನ್ನು ಪುಸ್ತಕದಲ್ಲಿ ಆಟಗಾರರು ನಿರ್ಧರಿಸುತ್ತಿದ್ದರು. ಅನಿಮೆಯಲ್ಲಿ ಅದನ್ನು ಕಥೆಗಾರ ನಿರ್ಧರಿಸಿದ. ಅದೇ ಡಿಸೆಂಬರಿನಲ್ಲಿ, ಕೈಯಲ್ಲಿ ಹಿಡಿದು ವಿಡಿಯೋ ಗೇಮ್ ಆಡುವ ಪಿಎಸ್‌ಪಿ ಯಂತ್ರಕ್ಕೆ ನಾಮ್ಕೊ ಬಂದೈ ಸಂಸ್ಥೆಯ ಸ್ಪೈರಲ್ ಕೇಯಾಸ್ ಬಂದಿತು. ಅದು ವಿಡಿಯೋ ಗೇಮ್ ಆಗಿದ್ದರೂ ಪುಸ್ತಕದ ಆಟವನ್ನು ಪರದೆಗೆ ತಂದದ್ದಲ್ಲ. ತಂಡ ಕಟ್ಟಿಕೊಂಡು ಸರದಿಯಂತೆ ಸೈನ್ಯ ನಡೆಸುವ, ಪೂರ್ತಿ ಬೇರೆಯ ಆಟ. ಪುಸ್ತಕ ಅದಲುಬದಲು ಮಾಡಿಕೊಳ್ಳುವ ಆ ಮೂಲದ ಸೊಗಸು ಪುಸ್ತಕದಲ್ಲಿಯೇ ಉಳಿಯಿತು ಎಂಬುದು ನನ್ನ ಅಭಿಪ್ರಾಯ.

ಉತ್ತರ: ತೊಗರಿಹೊಲ, ಚಿತ್ತಾಪುರ

ಬೀದರಿನ ಅಣ್ಣನವರು ಆಟದ ಕ್ರಮವನ್ನು ಚೆನ್ನಾಗಿ ವಿವರಿಸಿದ್ದಾರೆ. ಆದರೆ ಅವರು ಹೇಳಲು ಸಂಕೋಚಪಟ್ಟ ಒಂದು ಮಾತನ್ನು ನಾನು ಹೇಳಿಬಿಡುತ್ತೇನೆ. ಹೋರಾಟಗಾರ್ತಿಗೆ ಪೆಟ್ಟು ಬಿದ್ದಂತೆಲ್ಲ ಅವಳ ಕವಚ ಮುರಿದು ಬಟ್ಟೆ ಹರಿಯುವಂತೆ ಚಿತ್ರಿಸುವುದು ಈ ಮಾಲೆಯ ಹೆಗ್ಗುರುತು. ಅದು ವಯಸ್ಕ ಗಂಡಸರನ್ನೇ ಗಿರಾಕಿಗಳೆಂದು ಎಣಿಸಿ ಮಾಡಿದ ಸರಕು. ಅದರ ಹಬ್ಬುವಿಕೆಗೆಲ್ಲ ಆಟದ ಜಾಣತನವೇ ಕಾರಣವೆಂದು ನಾವು ನಂಬಿದರೆ ಗಣಿತಕ್ಕೆ ಸಲ್ಲದ ಗೌರವ ಕೊಟ್ಟಂತಾದೀತು. ಪ್ರೌಢಶಾಲೆಯ ಗುರುಗಳಿಗೆ ಇದನ್ನು ಮಾದರಿಯೆಂದು ತೋರಿಸುವಾಗ ಈ ಮಾತನ್ನು ಮೊದಲೇ ಹೇಳಬೇಕು.

ಎರಡನೆಯದಾಗಿ, ಪ್ರಕಾಶಕರು ಯಾರೆಂಬುದನ್ನು ನೋಡಿ. ಹಾಬಿ ಜಪಾನ್ 1969ರಿಂದ ಅದೇ ಹೆಸರಿನ ಮಾಸಪತ್ರಿಕೆಯನ್ನು ಹೊರತರುತ್ತಿರುವ ಸಂಸ್ಥೆ. ಮಾದರಿ ವಿಮಾನ, ಯಂತ್ರಮಾನವ, ಗೊಂಬೆ ಜೋಡಿಸುವ ಹವ್ಯಾಸಿಗಳೇ ಅದರ ಓದುಗರು. ಪಾತ್ರವನ್ನು ಹುಟ್ಟಿಸುವುದೂ ತಮ್ಮ ಕೈಯಲ್ಲೇ, ಅದನ್ನು ಗೊಂಬೆ ಕೊಳ್ಳುವವರ ಕಣ್ಣಿಗೆ ಬೀಳಿಸುವ ಪತ್ರಿಕೆಯೂ ತಮ್ಮದೇ. ಬೆಳೆಯೂ ತನ್ನದೇ, ಅಡತಿ ಅಂಗಡಿಯೂ ತನ್ನದೇ ಆದ ಒಕ್ಕಲಿಗ ಇದ್ದಂತೆ. ಅಂಥವನಿಗೆ ದರದ ಚಿಂತೆ ಎಲ್ಲಿಯದು? ಮೆಗಾಹೌಸ್ ಎಂಬ ಗೊಂಬೆ ತಯಾರಕರು ಈ ಪಾತ್ರಗಳನ್ನು ಸಾಲುಸಾಲಾಗಿ ತಂದರು. ಒಂದು ವಿಷಯದಲ್ಲಿ ಮಾತ್ರ ಅಣ್ಣನವರ ವಾದಕ್ಕೆ ನಾನೇ ಒತ್ತು ಕೊಡಬೇಕಾಗುತ್ತದೆ: ಒಂದು ಪಾತ್ರವನ್ನು ಹತ್ತಾರು ಭಂಗಿಗಳಲ್ಲಿ ಮೊದಲೇ ಬರೆದಿಟ್ಟಿದ್ದರೆ, ಗೊಂಬೆ ಕಡೆಯುವವನಿಗೂ ಅನಿಮೆಯವನಿಗೂ ಅರ್ಧ ಕೆಲಸ ಮುಗಿದಂತೆಯೇ ಅಲ್ಲವೇ?

ಇನ್ನು ನಿಮ್ಮ ಬಗೆಯ ಪುಸ್ತಕಗಳು ಜಪಾನಿನಲ್ಲಿ ಏನಾದವೆಂಬುದು. ಫೈಟಿಂಗ್ ಫ್ಯಾಂಟಸಿಯ ಮೊದಲ ಪುಸ್ತಕ 1984ರ ಕೊನೆಗೆ ಜಪಾನೀ ಭಾಷೆಗೆ ಬಂತು. ಎರಡು ಮೂರು ವರ್ಷ ಅಂಗಡಿಗಳ ತುಂಬ ಆಟದ ಪುಸ್ತಕಗಳೇ ಇದ್ದವು. ಆದರೆ ಆಗ ಹರಿವು ಹೆಚ್ಚಾಗಿ ಉಲ್ಟಾ ಇತ್ತು. ವಿಡಿಯೋ ಗೇಮಿನಿಂದ ಪುಸ್ತಕ ಮಾಡುತ್ತಿದ್ದರು. ನಾಮ್ಕೊದ 1984ರ ಟವರ್ ಆಫ್ ಡ್ರುಆಗಾ ಎಂಬ ಯಂತ್ರದಾಟವನ್ನು ಹಿಡಿದು ನವೊತೊ ಸುಜುಕಿ ಎಂಬ ಲೇಖಕರು ಮೂರು ಸಂಪುಟಗಳ ಆಟದ ಪುಸ್ತಕ ಬರೆದರು. ಅರವತ್ತು ಅಂತಸ್ತುಗಳ ಗೋಪುರ. ಓದುಗ ಕೆಳಗಿನಿಂದ ಹತ್ತುತ್ತಾ ಹೋಗಬೇಕು, ದಾರಿಯ ನಕ್ಷೆಯನ್ನು ತಾನೇ ಬರೆದುಕೊಳ್ಳಬೇಕು. 1986ರ ಮೇ ತಿಂಗಳಲ್ಲಿ ಡ್ರ್ಯಾಗನ್ ಕ್ವೆಸ್ಟ್ ಎಂಬ ವಿಡಿಯೋ ಗೇಮ್ ಬಂದ ಮೇಲೆ, ಪುಟ ಹುಡುಕುವ, ಅಂಕ ಬರೆದುಕೊಳ್ಳುವ ಕೆಲಸವನ್ನೆಲ್ಲ ಮನೆಯ ಟಿವಿಯೇ ಮಾಡತೊಡಗಿತು. ಆಟದ ಪುಸ್ತಕದ ಅಬ್ಬರ ಬಹಳ ದಿನ ಉಳಿಯಲಿಲ್ಲ. ನಿಮ್ಮ ಸೋದರಳಿಯ ಹೇಳುವುದರಲ್ಲಿ ಈ ಮಟ್ಟಿಗೆ ಸತ್ಯವಿದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಹಾಗಿದ್ದರೂ ಆ ಕಾಲದಲ್ಲೇ ಇನ್ನೊಂದು ದಾರಿ ತೆರೆದಿತ್ತು, ಕಥೆಗಾರರಾದ ನಿಮಗೆ ಅದು ಹೆಚ್ಚು ಹತ್ತಿರದ್ದು. 1986ರಲ್ಲಿ ಕಾಂಪ್ಟಿಕ್ ಎಂಬ ಪತ್ರಿಕೆಯಲ್ಲಿ, ಕೆಲವು ಗೆಳೆಯರು ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತಾ ಆಡಿದ ಆಟದ ಮಾತುಕತೆಯನ್ನು ನಾಟಕದ ಸಂಭಾಷಣೆಯಂತೆ ಕಂತುಕಂತಾಗಿ ಅಚ್ಚು ಹಾಕಿದರು. ಅದೇ ಲೋಡೋಸ್ ದ್ವೀಪದ ಯುದ್ಧದ ಕಥೆ. ಆ ಆಟ ನಡೆಸುತ್ತಿದ್ದ ರ್ಯೋ ಮಿಜುನೋ ಅವರೇ 1988ರಲ್ಲಿ ಅದನ್ನು ಕಾದಂಬರಿಯಾಗಿಸಿದರು. 1990ರಲ್ಲಿ 13 ಕಂತುಗಳ ಅನಿಮೆ ಬಂತು, 1998ರಲ್ಲಿ ಟಿವಿಗಾಗಿ 27 ಕಂತುಗಳು. ಅಲ್ಲಿ ದಾಟಿದ್ದು ಕವಚವೂ ಅಲ್ಲ, ಕೋಷ್ಟಕವೂ ಅಲ್ಲ. ಒಂದು ದ್ವೀಪ, ಅದರ ರಾಜ್ಯಗಳು, ಅದರ ಹಳೆಯ ಜಗಳಗಳು. ಕಲಬುರಗಿಯಿಂದ ರಾಜಧಾನಿ ಬೀದರಿಗೆ ಹೋದ ನಾಡು ನಮ್ಮದು. ಹಳೆಯ ಜಗಳಗಳಿಗೆ ಇಲ್ಲಿ ಬರವಿಲ್ಲ.

ಪ್ರಶ್ನೆ ಕೇಳಿದವರು: ಹಳೆಬುರುಜು, ಕಲಬುರಗಿ

ಅಕ್ಕನವರಿಗೂ ಬೀದರಿನ ಅಣ್ಣನವರಿಗೂ ಧನ್ಯವಾದ. ನನ್ನ ಹಸ್ತಪ್ರತಿಯನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಿದೆ. ಅಲ್ಲಿ ದಾರಿಗಳಿವೆ, ಬಾಗಿಲುಗಳಿವೆ, ಬುರುಜಿನ ಮೇಲಿನ ಉದ್ದನೆಯ ತೋಪು ಇದೆ; ಆದರೆ ಹೆಸರು ಹಿಡಿದು ಕರೆಯಬಹುದಾದ ಒಬ್ಬ ಮನುಷ್ಯನೂ ಇಲ್ಲ. ಓದುಗನೇ ನಾಯಕನಾದ್ದರಿಂದ ಬೇರೆಯವರು ಬೇಡವೆಂದುಕೊಂಡಿದ್ದೆ. ಇಂಥ ಪುಸ್ತಕದಿಂದ ನಾಟಕವನ್ನೋ ಆಕಾಶವಾಣಿಗೆ ಒಂದು ರೂಪಕವನ್ನೋ ಮಾಡಬೇಕೆಂದರೆ ಯಾರನ್ನು ಮಾತನಾಡಿಸುವುದು? ಕಾವಲುಗಾರ ಎಂದು ಬರೆದ ಕಡೆಯಲ್ಲೆಲ್ಲ ಅವನು ಬರೀ ಒಂದು ಈಟಿ.

ಉತ್ತರ: ಮಣ್ಣಿನಕಣ, ಸುರಪುರ

ಗುರುಗಳೇ, ನಾನು ಯಾದಗಿರಿ ಜಿಲ್ಲೆಯವನು. ಜಪಾನಿನ ಸಂಗತಿ ನನಗೆ ಅಷ್ಟಾಗಿ ತಿಳಿಯದು. ಆದರೆ ಆಟದ ಪುಸ್ತಕವನ್ನು ಅಚ್ಚು ಹಾಕಿಸಿ ಕೈ ಸುಟ್ಟುಕೊಂಡವನಾದ್ದರಿಂದ ಎರಡು ಮಾತು ಹೇಳುತ್ತೇನೆ.

ನಾಲ್ಕು ವರ್ಷಗಳ ಹಿಂದೆ ನಮ್ಮ ಗೆಳೆಯರ ಬಳಗದಿಂದ 60 ತುಣುಕುಗಳ ಒಂದು ಚಿಕ್ಕ ಪುಸ್ತಕ ಮಾಡಿದೆವು. ಡಿಟಿಪಿ ಮಾಡಿದ ಹುಡುಗ ಬಲು ಶ್ರದ್ಧೆಯವನು. 23ನೆಯ ತುಣುಕು ಬರೀ ಎರಡು ಸಾಲಿನದಾಗಿತ್ತು. ಜಾಗ ವ್ಯರ್ಥವಾಗುತ್ತದೆಂದು ಅದನ್ನು 22ಕ್ಕೆ ಸೇರಿಸಿ, ಮುಂದಿನ ಸಂಖ್ಯೆಗಳನ್ನೆಲ್ಲ ಒಂದೊಂದು ಕೆಳಗಿಳಿಸಿದ. ತುಣುಕುಗಳ ತಲೆಯ ಮೇಲಿನ ಸಂಖ್ಯೆಗಳು ಬದಲಾದವು, ಒಳಗಿನ 'ಇಂಥಲ್ಲಿಗೆ ಹೋಗಿ' ಎಂಬ ಸಂಖ್ಯೆಗಳು ಹಾಗೆಯೇ ಉಳಿದವು. ಮುದ್ರಣಾಲಯದವರು ಕರಡು ತೋರಿಸದೆ ನೇರವಾಗಿ ಅಚ್ಚು ಹಾಕಿದರು. ಪುಸ್ತಕ ಹಂಚಿದ ಸಂಜೆ ಆರನೆಯ ತರಗತಿಯ ಹುಡುಗಿಯೊಬ್ಬಳು ಮನೆಗೆ ಬಂದು, "ಕಾಕಾ, ನಾ ಬಾವ್ಯಾಗ ಇಳದೀನಿ, ಪುಟ ತಗದ್ರ ಗುಡ್ಡದ ಮ್ಯಾಲ ಅದೀನಲ್ರಿ" ಎಂದಳು. ಉಳಿದ ಪ್ರತಿಗಳಲ್ಲೆಲ್ಲ ಕೆಂಪು ಪೆನ್ನಿನಿಂದ ನಾವೇ ತಿದ್ದಿದೆವು. ಆದ್ದರಿಂದ, ಯಾವ ಮಾಧ್ಯಮಕ್ಕೆ ಹೋಗುವ ಮುನ್ನವೂ ನಿಮ್ಮ 140 ತುಣುಕುಗಳನ್ನು ಒಂದು ದೊಡ್ಡ ಹಾಳೆಯ ಮೇಲೆ ಗುಂಡು ಹಾಕಿ, ಗೆರೆ ಎಳೆದು ನೋಡಿ. ಯಾವ ಗೆರೆಯೂ ಬಂದು ಮುಟ್ಟದ ಗುಂಡು ಇದ್ದರೆ ಆ ತುಣುಕನ್ನು ಯಾರೂ ಓದಲಾರರು. ಒಳಗೆ ಬಂದು ಹೊರಗೆ ಹೋಗದ ಗುಂಡು ಇದ್ದರೆ ಅಲ್ಲಿ ಓದುಗ ಸಾಯಬೇಕು, ಇಲ್ಲವೇ ನೀವು ಮರೆತಿದ್ದೀರಿ. ಆಮೇಲೆ ಬೇಕಾದರೆ ಸೋದರಳಿಯನಿಗೆ ಕೊಡಿ. ಅವನು ಗೇಮ್ ಮಾಡುವುದಾದರೂ ಅವನಿಗೆ ಮೊದಲು ಬೇಕಾಗುವುದು ಆ ಹಾಳೆಯೇ.

ಇನ್ನೊಂದು ಮಾತು. ಬೀದರಿನವರು ಹೇಳಿದ ಅದಲುಬದಲಿನ ಕ್ರಮವನ್ನು ಓದಿದಾಗ ನನ್ನ ಮನಸ್ಸಿಗೆ ಕತ್ತಿ ಬರಲಿಲ್ಲ, ಕುಸ್ತಿ ಬಂತು. ನಮ್ಮ ಕಡೆ ಜಾತ್ರೆಯಲ್ಲಿ ಚಿಕ್ಕ ಹುಡುಗರ ಕಾಯಿ ಕುಸ್ತಿಯಿಂದ ಆರಂಭವಾಗಿ, ಕೊನೆಯ ಜೋಡಿಗೆ ಬೆಳ್ಳಿ ಕಡಗ ಇಡುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಕಾಳಗದ ಕಣ ಎಲ್ಲಿ ಸಿಗುತ್ತದೆ? ಪೈಲ್ವಾನನಿಗೂ ಎದುರಾಳಿಯ ಮೈ ಒಂದೇ ಪುಟ. ಅವನ ಭುಜ ಇಳಿದಿದೆಯೇ, ಮುಂಗಾಲು ಯಾವುದು, ತೂಕ ಎತ್ತ ಬಿದ್ದಿದೆ ಎಂದು ನೋಡಿಯೇ ಡಾವು (ಕುಸ್ತಿಯ ಪಟ್ಟು) ಹಾಕುತ್ತಾನೆ. ನೀವು ಒಂದು ಡಾವು, ನಾನು ಒಂದು ಡಾವು, ಎರಡೂ ಕೂಡಿದಲ್ಲಿ ಮುಂದಿನ ಚಿತ್ರ. ನಿರ್ಬಂಧಗಳೂ ತಾವಾಗಿಯೇ ಬರುತ್ತವೆ. ಮಂಡಿಯೂರಿದವನು ಧೋಬಿ ಪಛಾಡ್ ಹಾಕಲಾರ, ಬೆನ್ನು ಕೊಟ್ಟವನಿಗೆ ಮೊದಲು ತಿರುಗಿಕೊಳ್ಳುವ ಚಿಂತೆ. ಬಟ್ಟೆ ಹರಿಯುವ ಗೊಡವೆಯೂ ಇಲ್ಲ. ಚಡ್ಡಿ ಒಂದೇ, ಉಳಿದದ್ದು ಕೆಮ್ಮಣ್ಣು. ಪೆಟ್ಟಿನ ಲೆಕ್ಕವನ್ನು ಮೈಗೆ ಮೆತ್ತಿದ ಮಣ್ಣಿನಲ್ಲಿ ತೋರಿಸಬಹುದು: ಮೊದಲು ಮೊಣಕಾಲು, ಆಮೇಲೆ ಭುಜ, ಕೊನೆಗೆ ಬೆನ್ನು. ಬೆನ್ನಿಗೆ ಮಣ್ಣು ಹತ್ತಿದರೆ ಚಿತ್.

ಒಂದು ಗರಡಿಗೆ ಒಬ್ಬ ಪೈಲ್ವಾನ, ಒಬ್ಬ ಪೈಲ್ವಾನನಿಗೆ ಒಂದು ಪುಸ್ತಕ. ಅಫಜಲಪುರದವನೊಬ್ಬ, ಹುಮನಾಬಾದಿನವನೊಬ್ಬ, ಶಹಾಪುರದವನೊಬ್ಬ. ತಮ್ಮೂರಿನವನ ಪುಸ್ತಕವನ್ನು ಕೊಳ್ಳದ ಹುಡುಗ ಯಾರಿದ್ದಾನೆ?

ಉತ್ತರ: ಕರೇಜ್, ಬೀದರ್

ಸುರಪುರದವರ ಮಾತು ನನ್ನ ಮನಸ್ಸಿಗೆ ಬಹಳ ಹಿಡಿಸಿತು. ಅವರು ಕೊನೆಯಲ್ಲಿ ಹೇಳಿದ ಊರೂರಿನ ಪೈಲ್ವಾನರ ವಿಚಾರಕ್ಕೆ ಜಪಾನಿನ ಮಾಲೆಯಲ್ಲೂ ಒಂದು ಹೋಲಿಕೆಯಿದೆ. ಹಾಬಿ ಜಪಾನ್ 2007ರಲ್ಲಿ ಕ್ವೀನ್ಸ್ ಗೇಟ್ ಎಂಬ ಉಪಮಾಲೆಯನ್ನು ತೆರೆದು, ಬೇರೆ ಕಂಪನಿಗಳ ವಿಡಿಯೋ ಗೇಮುಗಳ ಪಾತ್ರಗಳನ್ನು ಅತಿಥಿಗಳಾಗಿ ಕರೆಯಿತು. ಮಾಯಿ ಶಿರಾನುಯಿ, ಕಸುಮಿ, ತಾಕಿ ಮುಂತಾದವರು ಬೇರೆ ಬೇರೆ ಮನೆಗಳ ಮಕ್ಕಳು. ಪುಟಗಳ ಚೌಕಟ್ಟು ಒಂದೇ ಆದ್ದರಿಂದ ಒಂದೇ ಕಣದಲ್ಲಿ ಇಳಿಯಲು ಅವರಿಗೆ ತೊಂದರೆಯಾಗಲಿಲ್ಲ. ಪುಸ್ತಕವೇ ಎಲ್ಲರನ್ನೂ ಕೂಡಿಸುವ ಕಟ್ಟೆಯಾಯಿತು. ಈ ಉಪಮಾಲೆಯಿಂದಲೂ 2011ರಲ್ಲಿ ಒಂದು ಪಿಎಸ್‌ಪಿ ಆಟ ಬಂತು. ಮುಖ್ಯ ಮಾಲೆಯಲ್ಲಿ ರೆಬೆಲಿಯನ್ ಎಂಬ ಎರಡನೆಯ ತಲೆಮಾರಿನ ಪುಸ್ತಕಗಳು ಹೊರಟು, ಅವು 2012ರಲ್ಲಿ ಮತ್ತೆ 12 ಕಂತುಗಳ ಅನಿಮೆಯಾದವು.

ಚಿತ್ತಾಪುರದ ಅಕ್ಕನವರ ಆಕ್ಷೇಪವನ್ನೂ ಒಪ್ಪುತ್ತೇನೆ. ನಾನು ಆ ಮಾತನ್ನು ನುಂಗಿಕೊಂಡದ್ದು ನಿಜ. ಆದರೆ ಬರೀ ಹರಿದ ಬಟ್ಟೆಯಿಂದ ಇಷ್ಟು ವರ್ಷ ಮಾಲೆ ನಡೆಯುವುದಿಲ್ಲ. ಅಲ್ಲಿ ಕ್ಯಾಟ್ಲೆಯಾ ಎಂಬ ಆಯುಧದಂಗಡಿಯ ಒಡತಿಯೊಬ್ಬಳಿದ್ದಾಳೆ. ಕಾಳಗಕ್ಕೆ ಬರುವಾಗ ತನ್ನ ಚಿಕ್ಕ ಮಗನನ್ನೂ ಕರೆದುಕೊಂಡು ಬರುತ್ತಾಳೆ. ಕೈಯಲ್ಲಿ ಆಳುದ್ದದ ಕತ್ತಿ, ಜೊತೆಯಲ್ಲಿ ಅಮ್ಮನನ್ನು ಬಿಡದ ಮಗು. ಈ ಒಂದು ಸಂಗತಿಯಿಂದಲೇ ಅವಳು ಉಳಿದವರಿಂದ ಬೇರೆಯಾಗಿ ನೆನಪಿನಲ್ಲಿ ನಿಲ್ಲುತ್ತಾಳೆ. ನಿಮ್ಮ ಕೋಟೆಯ ಕಾವಲುಗಾರನ ಈಟಿಯ ಪಕ್ಕದಲ್ಲಿ ಅಂಥದೊಂದು ಏನನ್ನಾದರೂ ಇಡಿ, ಸರ್. ಮನೆಯಿಂದ ಬಂದ ಜೋಳದ ರೊಟ್ಟಿಯ ಗಂಟಾದರೂ ಸರಿಯೇ.

ಮುದ್ರಣದ ಬಗ್ಗೆ ಒಂದು ಸೂಚನೆ: ಕುಸ್ತಿಯ ಪುಸ್ತಕ ಮಾಡುವುದಾದರೆ 32 ಪುಟಕ್ಕೆ ನಿಲ್ಲಿಸಿ. 16 ಪುಟದ ಎರಡು ಫಾರಂ ಆಗುತ್ತದೆ, ನಡುವೆ ಪಿನ್ ಹೊಡೆದರೆ ಸಾಕು, ಪುಸ್ತಕ ಪೂರ್ತಿ ಬಿಚ್ಚಿಕೊಂಡು ನೆಲದ ಮೇಲೆ ನಿಲ್ಲುತ್ತದೆ. ಅಂಟು ಹಾಕಿ ಕಟ್ಟಿಸಿದರೆ ಪದೇ ಪದೇ ಪುಟ ತಿರುವುವ ಈ ಆಟಕ್ಕೆ ಒಂದು ವಾರವೂ ತಾಳುವುದಿಲ್ಲ.

ಪ್ರಶ್ನೆ ಕೇಳಿದವರು: ಹಳೆಬುರುಜು, ಕಲಬುರಗಿ

ಎಲ್ಲರ ಉತ್ತರಗಳನ್ನೂ ಓದಿ, ಕಳೆದ ಎರಡು ವಾರಗಳಲ್ಲಿ ಮಾಡಿದ್ದನ್ನು ತಿಳಿಸುತ್ತೇನೆ.

ಕೋಟೆಯ ಪುಸ್ತಕದ ಗುಂಡು ಗೆರೆಗಳ ಹಾಳೆಯನ್ನು ಬರೆದೆ. ಯಾರೂ ತಲುಪಲಾಗದ ಮೂರು ತುಣುಕುಗಳು ಸಿಕ್ಕವು. ಅವುಗಳಲ್ಲಿ ಒಂದು, ನಾನು ಬಹಳ ಮೆಚ್ಚಿ ಬರೆದಿದ್ದ ಗುಮ್ಮಟದ ಬೆಳದಿಂಗಳ ವರ್ಣನೆ. ಸುರಪುರದವರಿಗೆ ಋಣಿಯಾಗಿದ್ದೇನೆ.

ಅದನ್ನು ಪಕ್ಕಕ್ಕಿಟ್ಟು ಕುಸ್ತಿಯ ಪುಸ್ತಕಕ್ಕೆ ಕೈ ಹಾಕಿದೆ. ಪ್ರತಿಯೊಬ್ಬನಿಗೂ ಆರು ಡಾವುಗಳನ್ನಿಟ್ಟರೆ ಆರಾರಲ 36 ಫಲಗಳಾಗುತ್ತವೆ. ಒಂದನ್ನೊಂದು ಹೋಲುವವನ್ನು ಸೇರಿಸಿ 14 ಭಂಗಿಗಳಿಗೆ ಇಳಿಸಿದೆ. ನಮ್ಮ ಓಣಿಯಲ್ಲೇ ಇರುವ ಹಿರಿಯ ಪೈಲ್ವಾನರೊಬ್ಬರನ್ನು ಕೂರಿಸಿಕೊಂಡು ಕೋಷ್ಟಕ ತೋರಿಸಿದಾಗ ಅವರು ನಾಲ್ಕು ಕಡೆ ಬೆರಳಿಟ್ಟು, "ಇದು ಆಗಂಗಿಲ್ರಿ ಮಾಸ್ತರ, ಇವ ಕಲಾಜಂಗ್ ಹಾಕಿದ್ರ ಅವ ಹಿಂದ ಹೆಂಗ ಹೋಗ್ತಾನ?" ಎಂದರು. ತಿದ್ದಿದೆ. ಎರಡು ಪುಸ್ತಕಗಳನ್ನು ಪೆನ್ಸಿಲಿನಲ್ಲಿ ಬರೆದು, ಜೆರಾಕ್ಸ್ ಮಾಡಿಸಿ, ನಡುವೆ ಪಿನ್ ಹೊಡೆದು ಒಂಬತ್ತನೆಯ ತರಗತಿಯ ಇಬ್ಬರು ಹುಡುಗರ ಕೈಗೆ ಕೊಟ್ಟೆ.

ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಎದುರುಬದುರು ಕೂತರು. ಮೊದಲ ಎರಡು ಸರದಿ ತಡವರಿಸಿದರು. ತನ್ನ ಪೈಲ್ವಾನನ ಪುಸ್ತಕ ತನ್ನ ಕೈಯಲ್ಲೇ ಇರಬೇಕೆಂದು ಒಬ್ಬ ಹಟ ಹಿಡಿದ. ಆಮೇಲೆ ಪುಟದಲ್ಲಿ ಕಾಣುವುದು ಎದುರಾಳಿಯ ಮೈ ಎಂಬುದು ಹೊಳೆದದ್ದೇ ತಡ, ಇಬ್ಬರೂ ಮಾತು ನಿಲ್ಲಿಸಿದರು. "ನಾಕು." "ಎರಡು." ಪುಟ ತಿರುವಿದ ಸದ್ದು. ಐದನೆಯ ಸರದಿಗೆ ಸುತ್ತ ಹದಿನೈದು ಹುಡುಗರು ನಿಂತಿದ್ದರು, ಕಣದ ಸುತ್ತ ನಿಲ್ಲುವಂತೆಯೇ. ಹಿಂದಿನಿಂದ ಬಗ್ಗಿ ನೋಡಿ ಡಾವು ಹೇಳಿಕೊಡುವವನನ್ನು ಉಳಿದವರೇ ಹೊರಗೆ ತಳ್ಳಿದರು. ಇದನ್ನು ಸೋದರಳಿಯನಿಗೆ ಫೋನಿನಲ್ಲಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಕೋಷ್ಟಕದ ಫೋಟೋ ಕಳಿಸಲು ಕೇಳಿದ. ಕಳಿಸಿದ್ದೇನೆ.

ಈಗ ಉಳಿದಿರುವ ತೊಡಕು ಒಂದೇ. 11ನೆಯ ಭಂಗಿಯಲ್ಲಿ ಇಬ್ಬರೂ ಒಬ್ಬರ ಕತ್ತನ್ನೊಬ್ಬರು ಹಿಡಿದು ನಿಂತಿರುತ್ತಾರೆ. ಅಲ್ಲಿಂದ ಇಬ್ಬರೂ ಒಂದೇ ಡಾವು ಆರಿಸಿದರೆ ಮತ್ತೆ 11ಕ್ಕೇ ಬರುತ್ತಾರೆ. ಆ ಹುಡುಗರು ಆರು ಸಲ ಅಲ್ಲಿಯೇ ಸುತ್ತಿದರು, ಗಂಟೆ ಹೊಡೆಯಿತು. ಜಾತ್ರೆಯಲ್ಲಾದರೆ ಪಂಚರು ಬಂದು ಬಿಡಿಸಿ, ಕಣದ ನಡುವೆ ಹೊಸದಾಗಿ ನಿಲ್ಲಿಸುತ್ತಾರೆ. ಪುಸ್ತಕದಲ್ಲಿ ಪಂಚರನ್ನು ಎಲ್ಲಿ ಕೂರಿಸಬೇಕು? ಸುರಪುರದವರು ದಯವಿಟ್ಟು ತಿಳಿಸಬೇಕು.